ಗುರುವಿದ್ಯಾರ್ಥಿಗೆ ಸಮಾಜಶಾಸ್ತ್ರ: ಚಿನ್ನದ ಗಣಿಯ ನೆಲದಿಂದ ಕೆಲವು ವಿಚಾರಗಳು

ತತ್ವಶಾಸ್ತ್ರದ ಅಭ್ಯಾಸಕ್ಕೆ ಮುನ್ನ ಅಥವಾ ಅದರೊಡನೆ ವಿಶ್ವವಿದ್ಯಾನಿಲಯದ ಪದವಿಯೊಂದನ್ನು ಪಡೆಯುವ ಪದ್ಧತಿ ನಮ್ಮ ಗುರುಮಠಗಳಲ್ಲಿ ಬೇರೂರಿದೆ. ಬಿ.ಎ. ತರಗತಿಗೆ ಸೇರುವವರಲ್ಲಿ ಅನೇಕರು ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಳ್ಳುತ್ತಾರೆ. ಕಾರಣ ಕೇಳಿದರೆ ‘ಸುಲಭ’ ಎಂಬ ಉತ್ತರವೇ ಸಾಮಾನ್ಯ. ಪರೀಕ್ಷೆ ಮುಗಿದೊಡನೆ ಟಿಪ್ಪಣಿ ಪುಸ್ತಕಗಳು ಕಪಾಟು ಸೇರುತ್ತವೆ; ಮುಂದೆ ಪಾಲನಾ ದೈವಶಾಸ್ತ್ರದ ತರಗತಿಯಲ್ಲಿ ಅವುಗಳ ನೆನಪೂ ಆಗುವುದಿಲ್ಲ. ಇದು ಸಣ್ಣ ನಷ್ಟವಲ್ಲ. 1965ರ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 62ನೆಯ ಪರಿಚ್ಛೇದದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಪಾಲನಾ ಸೇವೆಯಲ್ಲಿ ಮನಶ್ಶಾಸ್ತ್ರ ಹಾಗೂ ಸಮಾಜಶಾಸ್ತ್ರಗಳ ಶೋಧನೆಗಳನ್ನು ಬಳಸಿಕೊಳ್ಳಬೇಕೆಂದು ಆ ಶಾಸ್ತ್ರಗಳನ್ನು ಹೆಸರಿಸಿಯೇ ಹೇಳಿದೆ.

ಪದವಿ ತರಗತಿಯ ಮೊದಲ ಪಾಠಗಳಲ್ಲೊಂದು ಅಮೆರಿಕದ ಸಿ. ರೈಟ್ ಮಿಲ್ಸ್ 1959ರಲ್ಲಿ ಮಂಡಿಸಿದ ವಿವೇಚನೆ: ಒಬ್ಬನ ಸ್ವಂತ ಸಂಕಟ ಬೇರೆ, ಸಮುದಾಯದ ಸಾರ್ವಜನಿಕ ಪ್ರಶ್ನೆ ಬೇರೆ; ಆದರೆ ಒಂದರೊಳಗೆ ಮತ್ತೊಂದು ಅಡಗಿರುತ್ತದೆ. ಒಬ್ಬ ನಿರುದ್ಯೋಗಿಯಾದರೆ ಅವನ ಸ್ವಭಾವವನ್ನು ವಿಚಾರಿಸಬಹುದು. ಇಡೀ ಊರೇ ನಿರುದ್ಯೋಗಿಯಾದಾಗ ಸ್ವಭಾವದ ಮಾತು ಸಾಲದು.

ಕೋಲಾರದ ಚಿನ್ನದ ಗಣಿ ಪ್ರದೇಶ ಈ ಪಾಠದ ಜೀವಂತ ಉದಾಹರಣೆ. 1880ರಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳಿಗೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಕಾರ್ಮಿಕರು, ಬಹುತೇಕ ತಮಿಳು ಸೀಮೆಯ ದಲಿತ ಕುಟುಂಬಗಳವರು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ವಾಸದ ಲೈನುಗಳು, ಆಸ್ಪತ್ರೆ, ನೀರು, ದೀಪ ಎಲ್ಲವೂ ಗಣಿಯವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಸಂಬಳ ಮಾತ್ರ ನಿಲ್ಲಲಿಲ್ಲ. ದಿನದ ಹೊತ್ತುಗಳನ್ನು ಗೊತ್ತುಪಡಿಸುತ್ತಿದ್ದ ಪಾಳಿಯೂ ಅದರೊಡನೆ ಬೆಳೆದ ನೆರೆಹೊರೆಯ ಬಾಳೂ ಸಡಿಲಗೊಂಡವು. ಸಮಾಜದ ಕಟ್ಟುಪಾಡು ಸಡಿಲವಾದಾಗ ವ್ಯಕ್ತಿಯ ಬಾಳಿಗೆ ಒದಗುವ ಕೇಡನ್ನು ಫ್ರಾನ್ಸಿನ ಡರ್ಕ್‌ಹೈಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಇಂದು ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ಹಾದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಸಾಗುವ ರೈಲುಗಳೇ ಅನೇಕ ಮನೆಗಳ ದಿನಚರಿಯನ್ನು ನಿರ್ಧರಿಸುತ್ತವೆ. ಬಂಗಾರಪೇಟೆಯಿಂದಾಚೆಗೇ ಸುಮಾರು 70 ಕಿಲೋಮೀಟರ್ ದೂರ. ಬೆಳಕು ಹರಿಯುವ ಮುನ್ನ ಹೊರಟು ಕತ್ತಲಾದ ಮೇಲೆ ಮರಳುವ ಯುವಕನನ್ನು ‘ಧರ್ಮಕೇಂದ್ರದ ಯುವಕೂಟಕ್ಕೆ ಬಾರದವನು, ವಿಶ್ವಾಸದಲ್ಲಿ ತಣ್ಣಗಾದವನು’ ಎಂದು ಪ್ರಬೋಧನೆಯಲ್ಲಿ ಗದರಿಸುವುದು ಸುಲಭ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಪ್ರಭುವನ್ನು ಕೇಳಿದರು. ಪ್ರಭು ಎರಡನ್ನೂ ಒಪ್ಪಲಿಲ್ಲ (ಯೊವಾನ್ನ 9). ಪಾಪವೇ ಇಲ್ಲವೆಂದು ಸಮಾಜಶಾಸ್ತ್ರ ಹೇಳುವುದಿಲ್ಲ, ಹೇಳುವ ಅಧಿಕಾರವೂ ಅದಕ್ಕಿಲ್ಲ. ಪಾಪವಲ್ಲದ್ದನ್ನು ಪಾಪವೆಂದು ಕರೆಯುವ ಅವಸರಕ್ಕೆ ಮಾತ್ರ ಅದು ತಡೆಯೊಡ್ಡುತ್ತದೆ.

ಎರಡನೆಯ ಪಾಠ ಜಾತಿಯದು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಗಳನ್ನು ಪದವಿ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುತ್ತಾರೆ. ಬೇಸಾಯದ ಭೂಮಿಯನ್ನು ಆಧರಿಸಿದ ಹಳ್ಳಿಗೆ, ಎಂದರೆ ಬಂಗಾರಪೇಟೆಯ ಸುತ್ತಲಿನ ಊರುಗಳಿಗೆ, ಅವು ಹೊಂದಿಕೊಂಡಾವು. ಕಂಪೆನಿ ಕಟ್ಟಿದ ಲೈನುಗಳಿಗೆ ನೇರವಾಗಿ ಹೊಂದವು. (ಪಠ್ಯಪುಸ್ತಕದ ಭಾರತ ಇನ್ನೂ ಹಳ್ಳಿಯ ಭಾರತವೇ!) ಗಣಿಯ ಜಾತಿಪ್ರಶ್ನೆ ನಮ್ಮ ಕೈಗೆ ಬರುವುದು ದೀಕ್ಷಾಸ್ನಾನದ ದಾಖಲೆ ಪುಸ್ತಕದ ಮೂಲಕ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪರಿಚ್ಛೇದದಂತೆ ಆ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಲಭ್ಯ, ಕ್ರೈಸ್ತರಿಗಿಲ್ಲ. ಅಯೋತಿದಾಸ ಪಂಡಿತರ ಪ್ರಭಾವದಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೌದ್ಧ ಧರ್ಮ ಗಣಿಯಲ್ಲಿ ನೆಲೆಯೂರಿದ್ದರಿಂದ, ಒಂದೇ ಮೂಲದ ಬೌದ್ಧ ಮತ್ತು ಕ್ರೈಸ್ತ ಮನೆಗಳು ಒಂದೇ ಲೈನಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ಹೀಗಿರುವಾಗ ಧರ್ಮಕೇಂದ್ರದ ಪುಸ್ತಕವೂ ಸರ್ಕಾರದ ಪತ್ರವೂ ತಾಳೆಯಾಗದಿದ್ದರೆ ಅದನ್ನು ಬರಿಯ ಸುಳ್ಳೆಂದು ತೀರ್ಪು ಕೊಡುವ ಮುನ್ನ, ಅರ್ಜಿಯೊಂದು ಬರೆದವನಿಗೆ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ಕೇಳಬೇಕು. ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಮುಷ್ಕರ ಹೂಡಿದ ಜನರ ಮೊಮ್ಮಕ್ಕಳಿಗೆ, ದಾಖಲೆ ಬರೆಯುವವರ ಬಗ್ಗೆ ಎಚ್ಚರಿಕೆ ಇದ್ದರೆ ಆಶ್ಚರ್ಯವಿಲ್ಲ.

ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಲಾಗದು. 1912ರ ಗ್ರಂಥದಲ್ಲಿ ಡರ್ಕ್‌ಹೈಮ್ ಧರ್ಮವನ್ನು ಸಮಾಜದ ಸ್ವಂತ ಬಿಂಬವನ್ನಾಗಿ ಕಂಡರು. ಇದನ್ನು ಓದಿದ ತರುಣನ ಪ್ರಾರ್ಥನೆ ಒಣಗದೇ? ಪೀಟರ್ ಬರ್ಗರ್ 1967ರಲ್ಲಿ ಉಪಯುಕ್ತವಾದ ಗೆರೆಯೊಂದನ್ನು ಎಳೆದರು: ಸಮಾಜಶಾಸ್ತ್ರಜ್ಞನು ವಿಧಾನದ ಮಟ್ಟದಲ್ಲಿ ಮಾತ್ರ ದೇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಮೌನ, ನಿರಾಕರಣೆಯಲ್ಲ. ಆ ಮೌನವೂ ತಟಸ್ಥವಲ್ಲವೆಂದು ಜಾನ್ ಮಿಲ್ಬ್ಯಾಂಕ್ 1990ರಲ್ಲಿ ವಾದಿಸಿದರು. ಅವರ ಎಚ್ಚರಿಕೆ ಸರಿ, ಆದರೆ ಅದನ್ನು ಕೊನೆಯವರೆಗೆ ಹಿಂಬಾಲಿಸಿದರೆ ಧರ್ಮಕೇಂದ್ರದ ಗುರುವಿಗೆ ರೈಲಿನ ವೇಳಾಪಟ್ಟಿಯನ್ನೂ ನೋಡುವ ಕಾರಣ ಉಳಿಯದೆಂದು ನನಗೆ ತೋರುತ್ತದೆ. ‘ಲುಮೆನ್ ಜೆನ್ಸಿಯುಮ್’ನ 8ನೆಯ ಪರಿಚ್ಛೇದ ನಮಗೆ ಹೆಚ್ಚು ಭದ್ರವಾದ ನೆಲೆ. ಕಣ್ಣಿಗೆ ಕಾಣುವ ಸಮಾಜವೂ ಕ್ರಿಸ್ತನ ಗೂಢ ಶರೀರವೂ ಎರಡಲ್ಲ, ದೈವಿಕ ಹಾಗೂ ಮಾನವ ಅಂಶಗಳು ಕೂಡಿದ ಒಂದೇ ವಾಸ್ತವ. ಮನುಷ್ಯರಾದ ದೇವವಾರ್ತೆಯ ರಹಸ್ಯಕ್ಕೆ ಅದು ಹೋಲಿಕೆಯುಳ್ಳದ್ದು. ಕ್ರಿಸ್ತನ ಮಾನವತ್ವ ನಿಜವಾದರೆ ಧರ್ಮಸಭೆಯ ಮಾನವ ಅಂಶವೂ ನಿಜ, ಅಧ್ಯಯನಕ್ಕೆ ಯೋಗ್ಯ.

ಅಧ್ಯಯನದ ರೀತಿಯ ಬಗೆಗೂ ಒಂದು ಮಾತು. 1931ರಲ್ಲಿ ಗೇಬ್ರಿಯೆಲ್ ಲೆ ಬ್ರಾ ಫ್ರಾನ್ಸಿನ ಕಥೋಲಿಕರ ಧರ್ಮಾಚರಣೆಯ ಸಮೀಕ್ಷೆಗೆ ಕರೆಕೊಟ್ಟಾಗ, ಗೊತ್ತಿದೆಯೆಂದು ಎಲ್ಲರೂ ಭಾವಿಸಿದ್ದನ್ನು ಎಣಿಸಿ ನೋಡುವುದೇ ಅವರ ಉದ್ದೇಶವಾಗಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಭಾನುವಾರದ ಬಲಿಪೂಜೆಗೆ ಬಂದವರಿಗೆ ಪ್ರಶ್ನಾವಳಿ ಹಂಚಿ ಅದನ್ನೇ ಧರ್ಮಕೇಂದ್ರದ ಅಭಿಪ್ರಾಯವೆನ್ನುತ್ತೇವೆ. ಬಾರದವರು ಏಕೆ ಬರುವುದಿಲ್ಲವೆಂಬುದನ್ನು ಬಂದವರಿಂದ ತಿಳಿಯುವುದೆಂತು? ಪದವಿ ತರಗತಿಯ ಮಾದರಿ ಆಯ್ಕೆಯ ಪಾಠ ಇಲ್ಲಿಯೇ ಕೆಲಸಕ್ಕೆ ಬರುತ್ತದೆ: ಕುಟುಂಬಗಳ ಪೂರ್ಣ ಪಟ್ಟಿಯಿಂದ ನಿಯತ ಅಂತರದಲ್ಲಿ, ಉದಾಹರಣೆಗೆ ಪ್ರತಿ ಹತ್ತನೆಯ ಮನೆಯನ್ನು ಆರಿಸಿ, ಮನೆಯವರು ಇರುವ ಹೊತ್ತಿಗೆ ಹೋಗಬೇಕು. ರೈಲು ಹಿಡಿಯುವ ಮನೆಯಲ್ಲಿ ಆ ಹೊತ್ತೆಂದರೆ ರಾತ್ರಿ ಎಂಟರ ಮೇಲೆ. ಪ್ರಶ್ನೆಗಳು ಯಾವ ಭಾಷೆಯಲ್ಲಿರಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಲೈನುಗಳಲ್ಲಿ ಮನೆಮಾತು ಬಹುಮಟ್ಟಿಗೆ ತಮಿಳು, ಬಂಗಾರಪೇಟೆಯ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು. ಪಠ್ಯಪುಸ್ತಕದ ‘ಸಾಮಾಜಿಕ ಚಲನಶೀಲತೆ’ಯನ್ನು ಈ ಮೂರರಲ್ಲಿ ಯಾವುದರಲ್ಲೂ ಹಾಗೆಯೇ ಕೇಳಲಾಗದು, ‘ನಿಮ್ಮ ತಂದೆಯವರು ಏನು ಕೆಲಸ ಮಾಡುತ್ತಿದ್ದರು, ನಿಮ್ಮ ಮಗಳು ಈಗ ಏನು ಮಾಡುತ್ತಾಳೆ’ ಎಂದು ಕೇಳಬೇಕು.