ಕುಣಿಕೆ ಕೆಳಗೆ, ದೋಷ ಮೇಲೆ

ಅಮ್ಮನ ಕಾಲದ ಕಪ್ಪು ಹೊಲಿಗೆ ಮಿಷನ್ನನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ದಿಂಬಿನ ಕವರಿನ ಅಂಚು ಹೊಲಿಯಲು ಕೂತೆ. ಮೇಲಿನಿಂದ ನೋಡಿದರೆ ಹೊಲಿಗೆ ನೆಟ್ಟಗೇ ಇತ್ತು. ಬಟ್ಟೆ ಮಗುಚಿದರೆ ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ಜೋತುಬಿದ್ದಿದೆ. ಎರಡು ಇಂಚು ಮುಂದೆ ಹೊಲಿಗೆ ಒತ್ತೊತ್ತು, ಅದರಾಚೆ ಉದ್ದುದ್ದ. ಕೆಳಗೆ ಕುಣಿಕೆ ಅಂದಮೇಲೆ ಬಾಬಿನ್ನಿನದೇ ತೊಂದರೆ ಎಂದುಕೊಂಡು ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ತಿರುಗಿಸಿದೆ. ಹೊಲಿಗೆ ಇನ್ನಷ್ಟು ಕೆಟ್ಟಿತು.

ತಪ್ಪು ಎಲ್ಲಿ ಆಯಿತೆಂದು ತಿಳಿಯಬೇಕಾದರೆ ಕೈಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಒಂದೇ ಒಂದು ಹೊಲಿಗೆ ಹುಟ್ಟುವುದನ್ನು ನೋಡಬೇಕು. ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂದೆ, ಮಿಷನ್ ಸೂಜಿಗೆ ಮೊನೆಯ ಹತ್ತಿರ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಇಂಥದೇ ಸೂಜಿ, ಜೊತೆಗೆ ಕೆಳಗೆ ಎರಡನೆಯ ದಾರ ಹೊತ್ತ ಶಟಲ್ ಇತ್ತು. ಸೂಜಿಯ ಒಂದು ಮಗ್ಗುಲಲ್ಲಿ ಉದ್ದನೆಯ ಕಾಲುವೆ ಇರುತ್ತದೆ, ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ಸೂಜಿ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲೇಳುವಾಗ, ಕಾಲುವೆಯೊಳಗಿನ ದಾರ ಸಲೀಸಾಗಿ ಜಾರುತ್ತದೆ. ಇನ್ನೊಂದು ಮಗ್ಗುಲಿನ ದಾರ ಮಾತ್ರ ಬಟ್ಟೆಗೂ ಸೂಜಿಗೂ ನಡುವೆ ಸಿಕ್ಕಿಕೊಂಡು ಮೇಲೆ ಬರಲಾಗದೆ ಉಬ್ಬುತ್ತದೆ. ಆ ಉಬ್ಬೇ ಕುಣಿಕೆ. ಶಟಲ್ಲಿನ ಕೊಕ್ಕೆ ಅದನ್ನು ಹಿಡಿದು ಅಗಲಿಸಿ ಬಾಬಿನ್ನಿನ ಸುತ್ತ ದಾಟಿಸುತ್ತದೆ, ಎರಡು ದಾರಗಳೂ ಹೆಣೆದುಕೊಳ್ಳುತ್ತವೆ. ಇಷ್ಟೆಲ್ಲ ನಡೆಯುವುದು ಬರಿಯ ಘರ್ಷಣೆಯ ಬಲದಿಂದ ಎಂಬುದು ನನಗೆ ಇವತ್ತಿಗೂ ಬೆರಗು. ಸೂಜಿ ಕೂದಲೆಳೆಯಷ್ಟು ಬಾಗಿದ್ದರೂ, ಹಿಂದುಮುಂದಾಗಿ ಕೂತಿದ್ದರೂ ಕೊಕ್ಕೆಗೆ ಕುಣಿಕೆ ಸಿಗುವುದಿಲ್ಲ, ಹೊಲಿಗೆ ತಪ್ಪುತ್ತದೆ. ಸೂಜಿಯನ್ನು ಗಾಜಿನ ಮೇಲೆ ಮಲಗಿಸಿ ನೋಡಿದರೆ ಬಾಗು ಕಾಣುತ್ತದೆ.

ಇನ್ನು ನನ್ನ ಕುಣಿಕೆಗಳ ವಿಷಯ. ಕೊಕ್ಕೆ ಎಳೆದುಕೊಂಡ ಅಷ್ಟು ದಾರವನ್ನೂ ವಾಪಸು ಮೇಲಕ್ಕೆಳೆದು ಬಿಗಿಯುವುದು ಮಿಷನ್ನಿನ ಮುಂದೆ ಏರಿಳಿಯುವ ಸನ್ನೆ. ಅದು ಎಳೆಯುವಾಗ ದಾರಕ್ಕೆ ಎರಡು ತುದಿ: ಒಂದು ಹೊಲಿಗೆಯ ಕಡೆ, ಇನ್ನೊಂದು ರೀಲಿನ ಕಡೆ. ರೀಲಿನ ಕಡೆಯ ದಾರವನ್ನು ಟೆನ್ಷನ್ನಿನ ಎರಡು ಬಿಲ್ಲೆಗಳು ಒತ್ತಿ ಹಿಡಿದಿದ್ದರೆ ಸನ್ನೆ ಹೊಲಿಗೆಯ ಕಡೆಯ ಸಡಿಲವನ್ನೇ ಎಳೆದುಕೊಳ್ಳಬೇಕು. ಬಿಲ್ಲೆಗಳು ಹಿಡಿಯದಿದ್ದರೆ ರೀಲಿನಿಂದ ಹೊಸ ದಾರ ಸುಲಭವಾಗಿ ಬಂದುಬಿಡುತ್ತದೆ, ಕುಣಿಕೆ ಬಟ್ಟೆಯ ಕೆಳಗೇ ಉಳಿಯುತ್ತದೆ. ಅಂದರೆ ಕೆಳಗೆ ಕಂಡ ಗಂಟಿಗೆ ಕಾರಣ ಮೇಲಿನ ದಾರ. ಮೇಲೆ ಬಾಬಿನ್ ದಾರದ ಚುಕ್ಕೆ ಕಂಡರೆ ಮಾತ್ರ ಕೆಳದಾರ ಸಡಿಲ, ಇಲ್ಲವೇ ಮೇಲ್ದಾರ ಅತಿ ಬಿಗಿ.

ಆಗಲೂ ಟೆನ್ಷನ್ ತಿರುಪನ್ನು ತಿರುಗಿಸಲು ಅವಸರ ಬೇಡ. ಸಾಮಾನ್ಯವಾಗಿ ಬಟ್ಟೆ ಒತ್ತುವ ಪಾದವನ್ನು ಎತ್ತಿದಾಗ ಬಿಲ್ಲೆಗಳು ಬಿಚ್ಚಿಕೊಳ್ಳುತ್ತವೆ, ಇಳಿಸಿದಾಗ ಮುಚ್ಚಿಕೊಳ್ಳುತ್ತವೆ. ಪಾದ ಇಳಿಸಿಟ್ಟು ದಾರ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಇಳಿಯದೆ ಅಂಚಿನ ಮೇಲೆಯೇ ಕೂರುತ್ತದೆ. ನಾನು ಮಾಡಿದ್ದು ಅದನ್ನೇ. ಪಾದ ಎತ್ತಿ, ತೆಳು ಮಲ್ಲಿನ ಚೂರೊಂದನ್ನು ಬಿಲ್ಲೆಗಳ ನಡುವೆ ಹಾಯಿಸಿದಾಗ ಎಂದೋ ಸಿಕ್ಕಿದ್ದ ನೀಲಿ ನೂಲಿನ ಜುಂಗೂ ಹೊರಬಂತು. ಅಷ್ಟೇ ದಪ್ಪದ ಕಸ ಸಾಕು, ಬಿಲ್ಲೆಗಳು ಮುಚ್ಚಿಯೂ ಮುಚ್ಚಿದಂತಾಗದು. ತಿರುಗಿಸಿ ಕೆಡಿಸಿದ್ದ ಬಾಬಿನ್ ಸ್ಕ್ರೂವನ್ನು ಹದಕ್ಕೆ ತರಲು ಕೇಸನ್ನು ಅದರ ದಾರದಲ್ಲೇ ತೂಗಿಬಿಟ್ಟೆ. ಅದು ತಾನಾಗಿ ಜಾರಬಾರದು, ಮೆಲ್ಲಗೆ ಜಗ್ಗಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು.

ಕುಣಿಕೆ ಹೋಯಿತು. ಹೊಲಿಗೆಯ ಉದ್ದ ಮಾತ್ರ ಇನ್ನೂ ಏರುಪೇರು. ಪೆಡಲ್ ಒಂದೇ ಸಮ ತುಳಿಯದಿದ್ದರೆ ಹೀಗಾಗುತ್ತದೆ ಎಂಬ ನಂಬಿಕೆ ಇದೆ. ಅದು ನಿಜವಲ್ಲ. ಸೂಜಿಯನ್ನೂ ಬಟ್ಟೆ ಸರಿಸುವ ಹಲ್ಲುಗಳನ್ನೂ ಓಡಿಸುವುದು ಒಂದೇ ದಂಡ. ನಿಧಾನ ತುಳಿದರೆ ಎರಡೂ ನಿಧಾನ, ಉದ್ದ ಬದಲಾಗುವುದಿಲ್ಲ. ಉದ್ದ ಕೆಡುವುದು ಹಲ್ಲು ಬಟ್ಟೆಯನ್ನು ಹಿಡಿಯಲು ಸೋತಾಗ, ಅಥವಾ ನಾವೇ ಬಟ್ಟೆ ಎಳೆದಾಗ. ಮೇಲೆದ್ದು, ಹಿಂದೆ ಸರಿದು, ಕೆಳಗಿಳಿದು, ಮುಂದೆ ಬರುವ ಆ ಹಲ್ಲಿನ ನಾಲ್ಕು ನಡೆಗೆ 1854ರಲ್ಲಿ ಅಲೆನ್ ವಿಲ್ಸನ್ ಪೇಟೆಂಟ್ ಪಡೆದಿದ್ದರು. ಸೂಜಿ ಹಾಯುವ ತಗಡಿನ ಸ್ಕ್ರೂ ಬಿಚ್ಚಿದರೆ ಹಲ್ಲಿನ ಸಾಲುಗಳ ನಡುವೆ ನೂಲಿನ ಧೂಳು ಕಂಬಳಿಯಂತೆ ಒತ್ತಿ ಕೂತಿತ್ತು. ಬೆಂಕಿಕಡ್ಡಿಯಿಂದ ಕೆದಕಿದರೆ ಹಾಳೆ ಹಾಳೆಯಾಗಿ ಎದ್ದಿತು.

ಅದರ ಕೆಳಗೆ ಜಿಗಟು. ಮಿಷನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮ ಮನೆಯಲ್ಲಿತ್ತು, ಅನೇಕರ ಮನೆಯಲ್ಲಿ ಇದ್ದೇ ಇದೆ. ದಯವಿಟ್ಟು ಬಿಡಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಗಳಲ್ಲಿ ಸ್ನಾನದ ಮನೆಯ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆಯೇ ಮಿಷನ್ನಿನ ಕೀಲುಗಳಲ್ಲೂ ಹೆಪ್ಪುಗಟ್ಟಿ, ಹಳತಾದಷ್ಟೂ ಕಮಟಾಗಿ ಧೂಳನ್ನು ಅಂಟಿಸಿಕೊಳ್ಳುತ್ತದೆ. ಖನಿಜ ತೈಲದಿಂದ ಮಾಡಿದ ತೆಳು ಮಿಷನ್ ಎಣ್ಣೆಗೆ ಈ ಗುಣವಿಲ್ಲ. ಹಳೆಯ ಜಿಗಟನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೀಮೆಎಣ್ಣೆ ಆರಿದ ಮೇಲೆ ಕೀಲಿಗೊಂದು ಹನಿಯಂತೆ ಹೊಸ ಎಣ್ಣೆ ಬಿಟ್ಟೆ. ಕೈಚಕ್ರ ಬೆರಳ ತುದಿಗೇ ತಿರುಗತೊಡಗಿತು.

ಕೊನೆಗೆ ಮೇಲೆ ಕೆಂಪು, ಕೆಳಗೆ ಹಸಿರು ದಾರ ಹಾಕಿ ಬಿಳಿ ಬಟ್ಟೆಯ ಮೇಲೆ ಒಂದು ಗೇಣು ಹೊಲಿದೆ. ಮೇಲೆ ಬರೀ ಕೆಂಪು. ಮಗುಚಿದರೆ ಬರೀ ಹಸಿರು. ಎರಡೂ ಹೆಣೆದುಕೊಂಡ ಜಾಗ ಬಟ್ಟೆಯ ದಪ್ಪದೊಳಗೆ ಅಡಗಿತ್ತು.