ಕರುಳಿನ ಕಾಯಿಲೆಯವರಿಗೆ ಕಾಮಾಲೆ: ಹುಡುಗನನ್ನು ಊರಿಗೆ ಕಳುಹಿಸುವ ಮುನ್ನ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಕಾಮಾಲೆಯ ಮಾತು ಶುರು. ಒಡೆದ ಪೈಪಿಗೆ ಗಟಾರದ ನೀರು ಸೇರಿದಾಗ ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್‌ಗಳು ಹರಡುತ್ತವೆ. ನೀರಿನ ಟಾಂಕಿ ತೊಳೆಸುವುದು, ಹುಡುಗರಿಗೆ ಸಾಬೂನಿಟ್ಟು ಕೈ ತೊಳೆಸುವುದು ನಮ್ಮ ಸದಸ್ಯ ಬಾಂಧವರಿಗೆ ಹೊಸದಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಅದಕ್ಕೆ ತಾಗಿಕೊಂಡೇ ಇರುವ ಇನ್ನೊಂದು ವಿಷಯ.

ಅಡುಗೆಮನೆಯಲ್ಲಿ ದುಡಿಯುವವರಲ್ಲಿ ಮಾತ್ರವಲ್ಲ, ಗಲ್ಲೆಯಲ್ಲಿ ಕೂರುವವರಲ್ಲೂ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇರಬಹುದು. ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಇಳಿಯುವ ತೂಕ ಇದರ ಲಕ್ಷಣಗಳು. ಇದು ಅಂಟುರೋಗವಲ್ಲ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕರುಳಿನ ಮೇಲೆ ತಿರುಗಿ ಬಿದ್ದಿರುತ್ತದೆ. ಹಾಗಾಗಿ ಸ್ಟೀರಾಯ್ಡ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧ ಕೊಟ್ಟು ಆ ಶಕ್ತಿಯನ್ನೇ ತಗ್ಗಿಸುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಹೆಪಟೈಟಿಸ್ 'ಬಿ' ವೈರಸ್ ಕೆಲವರ ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಹೆರಿಗೆಯ ವೇಳೆ ತಾಯಿಯಿಂದಲೇ ಬಂದಿರಬಹುದು. ರೋಗನಿರೋಧಕ ಶಕ್ತಿ ತಗ್ಗಿದಾಗ ಅದು ತಲೆಯೆತ್ತಿ ಪ್ರಾಣಕ್ಕೇ ಕುತ್ತು ತಂದೀತು. ಆದ್ದರಿಂದ ಔಷಧಕ್ಕೆ ಮೊದಲೇ ರಕ್ತಪರೀಕ್ಷೆ ಆಗಬೇಕು. ವೈರಸ್ ಇದ್ದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ಜೊತೆಗೆ ಕೊಟ್ಟು ಕರುಳಿನ ಚಿಕಿತ್ಸೆ ಮುಂದುವರಿಸಬಹುದು. ಇಲ್ಲದಿದ್ದರೆ 'ಬಿ' ಲಸಿಕೆ: ಸಾಮಾನ್ಯವಾಗಿ 3 ಡೋಸ್, 6 ತಿಂಗಳಲ್ಲಿ ಮುಗಿಯುತ್ತದೆ. ಔಷಧ ಶುರುವಾದ ಮೇಲೆ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಬೇಗ ಹಾಕಿಸಿದಷ್ಟು ಒಳ್ಳೆಯದು.

ಹೋಟೆಲಿನ ಹುಡುಗರಿಗೆಲ್ಲ ಒಟ್ಟಿಗೆ 'ಎ' ಲಸಿಕೆ ಹಾಕಿಸುವ ಮಾಲೀಕರು ಗಮನಿಸಬೇಕು: ನಮ್ಮ ದೇಶದಲ್ಲಿ ಜೀವಂತ ವೈರಸ್ಸಿನ ಲಸಿಕೆಯೂ ಇದೆ, ನಿಷ್ಕ್ರಿಯ ವೈರಸ್ಸಿನದೂ ಇದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ ಜೀವಂತ ಲಸಿಕೆ ಕೂಡದು.

ವಾರ್ಷಿಕ ವೈದ್ಯಕೀಯ ತಪಾಸಣೆಯ ವೇಳೆ 'ಬಿ ಪಾಸಿಟಿವ್' ಎಂದು ಗೊತ್ತಾದ ಕೂಡಲೇ ಲೆಕ್ಕ ಚುಕ್ತಾ ಮಾಡಿ ಊರಿನ ಬಸ್ಸು ಹತ್ತಿಸುವವರು ನಮ್ಮಲ್ಲಿದ್ದಾರೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. 'ಬಿ' ಮತ್ತು 'ಸಿ' ಹರಡುವುದು ರಕ್ತ, ಸೂಜಿ, ಕ್ಷೌರದ ಬ್ಲೇಡು, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ. ಇಡ್ಲಿ ಬಡಿಸಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಲ್ಲ. ಕೈ ಕೊಯ್ದುಕೊಂಡರೆ ಪಟ್ಟಿ ಕಟ್ಟಿ ಕೈಗವಸು ಹಾಕಿಸುವುದು ಯಾರಿಗಾದರೂ ಇರುವ ನಿಯಮವೇ. ರಜೆ ಕೊಟ್ಟು ಅಡುಗೆಮನೆಯಿಂದ ದೂರ ಇಡಬೇಕಾದದ್ದು 'ಎ' ಅಥವಾ 'ಇ' ಕಾಮಾಲೆ ಬಂದವನನ್ನು, ಅದೂ ವೈದ್ಯರು ಸರಿ ಎನ್ನುವವರೆಗೆ ಮಾತ್ರ. ಕೆಲಸ ಹೋದವನ ಮಾತ್ರೆಯೂ ನಿಲ್ಲುತ್ತದೆ. 'ಬಿ' ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರೋಗ ಉಲ್ಬಣಿಸುವ ಭಯವಿದೆ.

ಖರ್ಚಿನ ಚಿಂತೆ ಬೇಡ. 2018ರ ಜುಲೈ 28ರಂದು ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರಕಾರಿ ಆಸ್ಪತ್ರೆಗಳಲ್ಲಿ 'ಬಿ', 'ಸಿ' ಪರೀಕ್ಷೆ, ಔಷಧ ಎರಡೂ ಉಚಿತ. 'ಸಿ' ಅಂತೂ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರಲ್ಲೂ ಗುಣವಾಗುತ್ತದೆ.

ಇನ್ನು ನಮ್ಮ ಊರಿನ ನೆಲನೆಲ್ಲಿ ಕಷಾಯ. ಅದರ ಮೇಲೆ ನಮಗೆ ಮುನಿಸೇನಿಲ್ಲ. ಆದರೆ ಕರುಳಿನ ಔಷಧ ತೆಗೆದುಕೊಳ್ಳುವವನ ಕಣ್ಣು ಹಳದಿಯಾದರೆ ನಾಟಿ ಮದ್ದಿಗೆಂದು ವಾರ ಕಾಯುವುದು ಬೇಡ. ಅಂದೇ ವೈದ್ಯರ ಬಳಿ ಕಳುಹಿಸಿ, ಮಾತ್ರೆಯ ಚೀಟಿಯನ್ನೂ ಕೈಯಲ್ಲಿ ಕೊಡಿ.