ಹ್ಯಾಂಡಲ್ ಅದುರಿ ಕೈ ಜೋಮು ಹಿಡಿದರೆ

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯ ಬಳಿ ಹಾದುಹೋಗುವ ಹಳೆಯ ಬೆಂಗಳೂರು–ಮೈಸೂರು ರಸ್ತೆ ಬೈಕ್ ಸವಾರರ ದಾರಿ. ಹೊಸ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಅವಕಾಶವಿಲ್ಲ. ಹಾಗಾಗಿ ಕೆಲಸಕ್ಕೆಂದು ಇಲ್ಲಿಂದ ಬೆಂಗಳೂರಿಗೆ ಹೋಗುವವರು ಸುಮಾರು 60 ಕಿ.ಮೀ. ದೂರವನ್ನು ಹಳೆಯ ರಸ್ತೆ, ಸರ್ವಿಸ್ ರಸ್ತೆಗಳಲ್ಲೇ ಸಾಗಬೇಕು. ಇಷ್ಟು ಹೊತ್ತು ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿದರೆ ಬಹಳ ಮಂದಿ ಕೈ ಕೊಡವಿ ಮುಂದೆ ಹೋಗುತ್ತಾರೆ. ಆದರೆ ಜೋಮು ಒಂದು ಸೂಚನೆ. ಅದರ ಮೂಲ ಹುಡುಕಿದರೆ ಪರಿಹಾರ ಸುಲಭ.

ಅದುರು ಹುಟ್ಟುವುದೆಲ್ಲಿ?

ನಮ್ಮ ಹೆಚ್ಚಿನ ಬೈಕುಗಳದು ಒಂದೇ ಸಿಲಿಂಡರಿನ ಎಂಜಿನ್. ಅದು ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ ಸುಮಾರು 83 ಸಲ ಮೇಲೆ ಕೆಳಗೆ ಓಡಾಡುತ್ತದೆ. ಚನ್ನಪಟ್ಟಣದ ಬೊಂಬೆ ಲೇತಿನಲ್ಲಿ ಮರದ ತುಂಡು ನಡುವಿಗೆ ಸರಿಯಾಗಿ ಕೂರದಿದ್ದರೆ ಉಳಿ ಹಿಡಿದ ಕೈ ಅದುರುವಂತೆ, ಪಿಸ್ಟನ್ನಿನ ಈ ಓಡಾಟ ಎಂಜಿನ್ನನ್ನೇ ಅಲುಗಿಸುತ್ತದೆ. ಕ್ರ್ಯಾಂಕಿಗೆ ಕೊಟ್ಟಿರುವ ಎದುರು ತೂಕ ಇದನ್ನು ಭಾಗಶಃ ಮಾತ್ರ ತಗ್ಗಿಸಬಲ್ಲದು. ಉಳಿದದ್ದನ್ನು ತಗ್ಗಿಸಲು ಎದುರು ದಿಕ್ಕಿನಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಬೇಕು. ರಾಯಲ್ ಎನ್‌ಫೀಲ್ಡ್ 2020ರಲ್ಲಿ ತಂದ ಮೀಟಿಯೊರ್ 350ರ ಎಂಜಿನ್ನಿನಲ್ಲಿ ಅದಿದೆ.

ಹ್ಯಾಂಡಲ್ ಪೈಪಿಗೂ ತನ್ನದೇ ಆದ ಕಂಪನವೇಗವಿದೆ. ಎಂಜಿನ್ನಿನ ವೇಗ ಅದಕ್ಕೆ ಹೊಂದಿಕೊಂಡಾಗ ಅದುರು ಒಮ್ಮೆಲೇ ಏರುತ್ತದೆ. ಕನ್ನಡಿಯಲ್ಲಿ ಹಿಂದಿನ ಲಾರಿ ಸ್ಪಷ್ಟವಾಗಿದ್ದದ್ದು ಒಂದು ವೇಗದಲ್ಲಿ ಮಸುಕಾಗಿ, ಇನ್ನಷ್ಟು ವೇಗಕ್ಕೆ ಮತ್ತೆ ತಿಳಿಯಾಗುವುದು ಇದರಿಂದಲೇ. ಗ್ರಿಪ್ಪಿನ ತುದಿಯಲ್ಲಿ ಕೂರುವ ತೂಕದ ಕಬ್ಬಿಣದ ಗುಂಡು ಈ ಹೊಂದಾಣಿಕೆಯ ವೇಗವನ್ನು ಬದಲಿಸುತ್ತದೆ. ಬಿದ್ದುಹೋಗಿದ್ದರೆ ಮರಳಿ ಹಾಕಿಸಿ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಬೈಕನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಕ್ಸಲರೇಟರ್ ಕೊಡಿ. ಆಗಲೂ ಹ್ಯಾಂಡಲ್ ಅದುರಿದರೆ ಎಂಜಿನ್ ಕಡೆಯ ದೋಷ: ಎಂಜಿನ್ ಕೂರಿಸಿದ ಬೋಲ್ಟು ಸಡಿಲವೇ, ಹ್ಯಾಂಡಲ್ ಕ್ಲಾಂಪಿನ ರಬ್ಬರ್ ಸವೆದಿದೆಯೇ ಎಂದು ಮೆಕ್ಯಾನಿಕ್ ಬಳಿ ನೋಡಿಸಿ. ನಿಂತಾಗ ಇಲ್ಲದ ಅದುರು ಓಡುವಾಗ ಬಂದರೆ ಟೈರು, ಚಕ್ರದ ಬೇರಿಂಗು, ಕೋನ್ ಸೆಟ್, ಸವೆದ ಚೈನು–ಸ್ಪ್ರಾಕೆಟ್ ನೋಡಬೇಕು. ಗಾಳಿಯ ಒತ್ತಡ ಕಂಪನಿ ಹೇಳಿದಷ್ಟೇ ಇರಲಿ. ಹೆಚ್ಚಾದರೆ ರಸ್ತೆಯ ಪ್ರತಿ ಉಬ್ಬೂ ಕೈಗೆ ತಾಗುತ್ತದೆ.

ಯಾವ ಬೆರಳು?

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನಡುವಿನ ನರ ಒತ್ತಿಹೋಗಿರಬಹುದು; ಮಣಿಕಟ್ಟನ್ನು ಬಗ್ಗಿಸಿ ಹಿಡಿಯುವುದು ಇದಕ್ಕೆ ಒಂದು ಕಾರಣ. ಕಿರುಬೆರಳು, ಉಂಗುರಬೆರಳಾದರೆ ಅಂಗೈಯ ಹೊರಬದಿಯ ಮೇಲೆ ಭಾರ ಹಾಕಿದ್ದಾಗಿರಬಹುದು. ಕ್ಲಚ್, ಬ್ರೇಕ್ ಲಿವರುಗಳನ್ನು ಮುಂಗೈಯ ನೇರಕ್ಕೆ ತಿರುಗಿಸಿ ಬಿಗಿಸಿಕೊಳ್ಳಿ. ಭಾರ ಸೀಟು ಮತ್ತು ಕಾಲಿನ ಮೇಲಿರಲಿ, ಮೊಣಕೈ ಕೊಂಚ ಬಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಡಿತ ಹಗುರವಾಗಿರಲಿ. ಬಿಗಿ ಹಿಡಿದಷ್ಟೂ ಅದುರು ಕೈಗೆ ಹೆಚ್ಚು ದಾಟುತ್ತದೆ. ತೀರ ದಪ್ಪ ಗ್ಲೌಸು ಕೂಡ ಹಿಡಿತವನ್ನು ಇನ್ನೂ ಬಿಗಿಯಾಗಿಸುತ್ತದೆ. ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಪ್ರಮಾಣವೂ ಹೊತ್ತೂ

ಅದುರಿನ ಹಾನಿ ಕಲ್ಲು ಗಣಿಗಳಲ್ಲಿ ಮೊದಲು ಬೆಳಕಿಗೆ ಬಂತು. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಸುಣ್ಣಕಲ್ಲು ಕಾರ್ಮಿಕರಲ್ಲಿ ಗಾಳಿಸುತ್ತಿಗೆಯಿಂದ ಬೆರಳು ಬಿಳಿಚಿ ಮರಗಟ್ಟುವುದನ್ನು ದಾಖಲಿಸಿದರು. ಯುರೋಪಿನ 2002ರ ನಿಯಮ 8 ಗಂಟೆಯ ಕೆಲಸದ ದಿನಕ್ಕೆ ಎಚ್ಚರಿಕೆಯ ಮಟ್ಟವನ್ನು 2.5 ಎಂದೂ (ಸೆಕೆಂಡಿನ ವರ್ಗಕ್ಕೆ ಮೀಟರ್) ಮಿತಿಯನ್ನು 5 ಎಂದೂ ಇಟ್ಟಿದೆ. ಅಂದರೆ ಅದುರು ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಾರಿಯಲ್ಲಿ ಗಂಟೆಗೊಮ್ಮೆ ಇಳಿದು ಐದು ನಿಮಿಷ ಕೈ ಬಿಚ್ಚಿ ಮಡಿಸುವುದು ಸೋಮಾರಿತನವಲ್ಲ.

ಬೈಕ್ ಇಳಿದು ಸ್ವಲ್ಪ ಹೊತ್ತಿಗೆ ಜೋಮು ಹೋದರೆ ಭಯವಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕೈಯಲ್ಲಿ ಹಿಡಿದದ್ದು ಜಾರಿದರೆ, ಬೆರಳು ಬಿಳಿಚಿದರೆ ತಡ ಮಾಡದೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಂತೂ ಬೈಕನ್ನಷ್ಟೇ ದೂರಿ ಸುಮ್ಮನಾಗಬೇಡಿ. ಬ್ರೇಕ್ ಹಿಡಿಯುವುದು ಇದೇ ಬೆರಳುಗಳು. ಅವುಗಳ ಆರೋಗ್ಯದ ಮೇಲೆ ನಿಮ್ಮ ಜೀವವೂ ಎದುರಿಗೆ ಬರುವವರ ಜೀವವೂ ನಿಂತಿದೆ.